ಇಂಗ್ಲಿಷ್ ಪೇಪರ್ ಕಂಡರೆ ಸಿಡುಕುವ ಮಗುವಿಗೆ ಪಾಠ ಹೇಳುವುದು ಹೇಗೆ?

ಕಳೆದ ವರ್ಷ ಅಕ್ಟೋಬರಿನ ಒಂದು ಸಂಜೆ. ನಮ್ಮ ಮನೆ ಜಗಲಿಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಎಲ್‌ಎಸ್‌ಎಸ್ ಅನ್ನುವ ಸ್ಕಾಲರ್‌ಶಿಪ್ ಪರೀಕ್ಷೆಯ ಮಾದರಿ ಪ್ರಶ್ನೆ ಪತ್ರಿಕೆ ಹಿಡಿದು ಕೂತಿದ್ದ. ಪೆನ್ಸಿಲನ್ನು ಎಷ್ಟು ಒತ್ತಿ ಹಿಡಿದಿದ್ದ ಅಂದರೆ ಮೊನೆ ಎರಡು ಸಲ ಮುರಿಯಿತು. ಮೂರನೇ ಸಲ ಮುರಿದಾಗ ಹಾಳೆಯನ್ನು ಮುದ್ದೆ ಮಾಡಿ ಕಾಲಡಿಗೆ ಹಾಕಿದ. "ಎಂಕ್ ಗೊತ್ತುಜ್ಜಿ" ಅಂದ. ನನಗೆ ಗೊತ್ತಿಲ್ಲ ಅಂತ. ಸಿಟ್ಟು ಬಂದರೆ ಅವನ ಬಾಯಿಗೆ ತುಳುವೇ ಬರುವುದು.

ಹಾಳೆ ಬಿಡಿಸಿ ನೋಡಿದೆ. ಇಬ್ಬರು ಗೆಳೆಯರ ಮಾತುಕತೆ, ನಡುವೆ ಮೂರು ಕಡೆ ಖಾಲಿ ಜಾಗ. ಮೇಲೆ 'ಕಂಪ್ಲೀಟ್ ದ ಕಾನ್ವರ್ಸೇಷನ್' ಅಂತ ಇತ್ತು. ಪೇಪರನ್ನು ಪಕ್ಕಕ್ಕಿಟ್ಟು ಅದೇ ಮಾತನ್ನು ಬಾಯಲ್ಲಿ ಕೇಳಿದೆ. 'ವೇರ್ ಆರ್ ಯು ಗೋಯಿಂಗ್?' ಥಟ್ಟನೆ 'ಗೋಯಿಂಗ್ ಟು ಶಾಪ್' ಅಂದ. ಉತ್ತರ ಅವನ ಹತ್ತಿರ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದ: "ಟೀಚರ್, ಕಂಪ್ಲೀಟ್ ಅಂದ್ರೆ ಎಂತ?"

ಅಷ್ಟರಲ್ಲಿ ಅವನು ಹತ್ತಕ್ಕಿಂತ ಜಾಸ್ತಿ ಮಾದರಿ ಪತ್ರಿಕೆ ಬರೆದಾಗಿತ್ತು. ಅದರಲ್ಲಿ ಕೆಲವನ್ನು ಬರೆಸಿದವಳು ನಾನೇ. ಈ ಪದ ನಿನಗೆ ಗೊತ್ತಾ ಅಂತ ಒಮ್ಮೆಯೂ ಕೇಳಿರಲಿಲ್ಲ. ಬಿತ್ತಿದ ಬೀಜ ಮೊಳಕೆ ಬಂತಾ ಅಂತ ದಿನಾ ಮಣ್ಣು ಕೆದಕಿ ನೋಡಿದ ಹಾಗೆ ಮಾಡುತ್ತಿದ್ದೆ. ಪೇಪರ್ ಮೇಲೆ ಪೇಪರ್ ಬರೆಸುವುದು ಪಾಠ ಅಲ್ಲ ಅಂತ ನನಗೆ ಮನಸ್ಸಿಗೆ ಹತ್ತಿದ್ದು ಆವತ್ತು. ಆಮೇಲೆ ನಾಲ್ಕು ತಿಂಗಳು ಅವನ ಜೊತೆ ಏನೇನು ಮಾಡಿದೆ, ಯಾವುದು ಫಲ ಕೊಟ್ಟಿತು ಅಂತ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಪ್ಪ, ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಡಿಗ್ರಿ ಓದುವ ಅಕ್ಕ, ಯಾರು ಬೇಕಾದರೂ ಇದನ್ನು ಮಾಡಬಹುದು.

ಮೊದಲು ಪರೀಕ್ಷೆ ಯಾವುದು ಅಂತ ತಿಳಿದುಕೊಳ್ಳಿ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸಣ್ಣ ಪ್ರಾಯದಲ್ಲಿ ಎದುರಿಸುವ ಇಂಥ ಪರೀಕ್ಷೆ ಮುಖ್ಯವಾಗಿ ಮೂರು. ನಾಲ್ಕನೇ ಕ್ಲಾಸಿನವರಿಗೆ ಎಲ್‌ಎಸ್‌ಎಸ್, ಏಳನೇ ಕ್ಲಾಸಿನವರಿಗೆ ಯುಎಸ್‌ಎಸ್. ಎರಡೂ ಕೇರಳ ಸರಕಾರದ ಸ್ಕಾಲರ್‌ಶಿಪ್ ಪರೀಕ್ಷೆ. ಎರಡರಲ್ಲೂ ಇಂಗ್ಲಿಷ್ ಭಾಗ ಇದೆ. ಆದರೆ ಎಲ್‌ಎಸ್‌ಎಸ್‌ನಲ್ಲಿ ಮಗು ಉತ್ತರವನ್ನು ಬರೆಯಬೇಕು, ಯುಎಸ್‌ಎಸ್‌ನಲ್ಲಿ ಒಎಂಆರ್ ಹಾಳೆಯಲ್ಲಿ ಗೋಲ ಕಪ್ಪು ಮಾಡಬೇಕು. ತಯಾರಿಯೂ ಅದಕ್ಕೆ ತಕ್ಕ ಹಾಗೆ ಬೇರೆ ಬೇರೆ.

ಮೂರನೆಯದು ಐದನೇ ಕ್ಲಾಸಿನವರು ಬರೆಯುವ ನವೋದಯ ಪ್ರವೇಶ ಪರೀಕ್ಷೆ. ನಮ್ಮ ಜಿಲ್ಲೆಯ ನವೋದಯ ಇರುವುದು ಪೆರಿಯದಲ್ಲಿ. 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಭಾಷೆಗೆ 25 ಅಂಕ: ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಇಲ್ಲಿ ತುಂಬ ಮಂದಿ ತಪ್ಪು ತಿಳಿಯುತ್ತಾರೆ. ಈ ಭಾಗ ಇಂಗ್ಲಿಷಿನಲ್ಲೇ ಇರಬೇಕು ಅಂತ ಇಲ್ಲ. ಅರ್ಜಿಯಲ್ಲಿ ಯಾವ ಭಾಷೆ ಆರಿಸಿರುತ್ತೀರೋ ಆ ಭಾಷೆಯ ಪ್ರಶ್ನೆ ಪತ್ರಿಕೆ ಕೈಗೆ ಬರುತ್ತದೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಆ ಒಂದು ಕಾಲಂ ನೀವೇ ಕಣ್ಣಾರೆ ನೋಡಿ. ಅಲ್ಲಿ ಅವಸರದಲ್ಲಿ ಇಂಗ್ಲಿಷ್ ಅಂತ ಬಿದ್ದುಹೋದರೆ ಕನ್ನಡದಲ್ಲಿ ಸಲೀಸಾಗಿ ಓದುವ ಮಗು ಸುಮ್ನೆ ಕಷ್ಟಪಡುತ್ತದೆ.

ಅಂಕ, ಸಮಯ, ಪ್ರಶ್ನೆಯ ರೀತಿ ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು. ಆ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ಓದಿ. ಹಳೆ ಗೈಡ್ ನಂಬಿ ಕೂರಬೇಡಿ.

ಎರಡು ವಾರ ಪೇಪರ್ ಮುಚ್ಚಿಡಿ, ಗಂಟು ಎಲ್ಲಿದೆ ಹುಡುಕಿ

ಮಗು ಸಿಡುಕಲು ಶುರು ಮಾಡಿದೆ ಅಂದರೆ ಮಾದರಿ ಪತ್ರಿಕೆಗಳನ್ನೆಲ್ಲ ಕಟ್ಟಿ ಕಪಾಟಿನಲ್ಲಿಡಿ. ಮಗುವಿನ ಎದುರೇ ಇಡಿ. "ಇನ್ನು ಎರಡು ವಾರ ಇದನ್ನು ತೆಗೆಯುವುದಿಲ್ಲ" ಅಂತ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ನಾನು ಹೀಗೆ ಮಾಡಿದಾಗ ಹುಡುಗನ ಅಮ್ಮನಿಗೆ ಗಾಬರಿ ಆಯಿತು. "ಟೀಚರ್, ಇನ್ನು ನಾಲ್ಕೇ ತಿಂಗಳು ಇರುವುದಲ್ವಾ?" ಅಂದರು. ಅವರ ಗಾಬರಿ ನನಗೆ ಅರ್ಥ ಆಗುತ್ತದೆ. ಆದರೆ ಗಂಟು ಎಲ್ಲಿದೆ ಅಂತ ಗೊತ್ತಾಗದೆ ಎಳೆದರೆ ಅದು ಇನ್ನೂ ಬಿಗಿ ಆಗುತ್ತದೆ.

ಹುಡುಕುವ ಕೆಲಸಕ್ಕೆ ಒಂದೇ ಒಂದು ಪ್ರಶ್ನೆ ಸಾಕು. ಮೊದಲು ಅದನ್ನು ಮಗು ಗಟ್ಟಿಯಾಗಿ ಓದಲಿ. ಆಮೇಲೆ ಇದು ಎಂತ ಕೇಳುತ್ತಿದೆ ಅಂತ ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ. ಆಮೇಲೆ ಉತ್ತರವನ್ನು ಮನೆಮಾತಿನಲ್ಲಿ ಹೇಳಲಿ. ಆಮೇಲೆ ಇಂಗ್ಲಿಷಿನಲ್ಲಿ ಬಾಯಲ್ಲಿ. ಕೊನೆಗೆ ಬರೆಯಲಿ. ಈ ಐದು ಮೆಟ್ಟಿಲಲ್ಲಿ ಎಲ್ಲಿ ಕಾಲು ತಡವರಿಸಿತು ಅಂತ ನೋಡಿ. ಓದಲಿಕ್ಕೇ ಆಗದ ಮಗುವಿಗೆ ವ್ಯಾಕರಣ ಹೇಳಿ ಉಪಯೋಗವಿಲ್ಲ. ಬಾಯಲ್ಲಿ ಚೆನ್ನಾಗಿ ಹೇಳಿ ಬರೆಯುವಾಗ ನಿಲ್ಲುವ ಮಗುವಿಗೆ ಸ್ಪೆಲ್ಲಿಂಗಿನ ಹೆದರಿಕೆ ಇರಬಹುದು. ನಮ್ಮ ಹುಡುಗ ತಡವರಿಸಿದ್ದು ಎರಡನೇ ಮೆಟ್ಟಿಲಲ್ಲಿ. ಸ್ವಲ್ಪ ಮೊದಲನೆಯದರಲ್ಲೂ.

ಓದುವುದರಲ್ಲಿ ತಡವರಿಸುವ ಮಕ್ಕಳ ಬಗ್ಗೆ ಒಂದು ಮಾತು. ಕನ್ನಡ ಓದಲು ಕಲಿತ ಮಗುವಿಗೆ ಅಕ್ಷರದ ಮೇಲೆ ನಂಬಿಕೆ ಜಾಸ್ತಿ. 'ಕ' ಅಂದರೆ ಎಲ್ಲಿದ್ದರೂ 'ಕ'. ಇಂಗ್ಲಿಷಿನಲ್ಲಿ ಆ ನಂಬಿಕೆ ಮುರಿಯುತ್ತದೆ. 'ಕ್ಯಾಟ್' ಪದದ 'ಎ' ಬೇರೆ, 'ಕೇಕ್' ಪದದ 'ಎ' ಬೇರೆ, 'ಬಾಲ್' ಪದದ್ದು ಮತ್ತೂ ಬೇರೆ. ಬುದ್ಧಿವಂತ ಮಕ್ಕಳಿಗೇ ಇದರಿಂದ ಜಾಸ್ತಿ ಸಿಟ್ಟು ಬರುತ್ತದೆ, ಯಾಕೆಂದರೆ ಅವರು ನಿಯಮ ಹುಡುಕುವವರು. ನಿಯಮ ಇರುವ ಕಡೆ ತೋರಿಸಿ. ನಾನು ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ 'ಟ್ಯಾಪ್' ಅಂತ ಬರೆದೆ. ಅದು ಅವನಿಗೆ ಚೆನ್ನಾಗಿ ಗೊತ್ತು, ಅಪ್ಪ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು. ಅದರ ಕೊನೆಗೆ ಒಂದು 'ಇ' ಸೇರಿಸಿದೆ. ಈಗ ಅದು 'ಟೇಪ್'. 'ಕಿಟ್' ಪದಕ್ಕೆ 'ಇ' ಸೇರಿಸಿದೆ, 'ಕೈಟ್' ಆಯಿತು. 'ನಾಟ್' ಇದ್ದದ್ದು 'ನೋಟ್' ಆಯಿತು. ಕೊನೆಯ 'ಇ' ತಾನು ಬಾಯಿ ತೆರೆಯುವುದಿಲ್ಲ, ಹಿಂದಿನವನ ಸ್ವರ ಬದಲಾಯಿಸುತ್ತದೆ ಅಂತ ಅವನೇ ಕಂಡುಹಿಡಿದ. ಆ ಸಂಜೆ ಸೀಮೆಸುಣ್ಣ ಅವನ ಕೈಯಿಂದ ವಾಪಸ್ ಬರಲೇ ಇಲ್ಲ.

ಅವನ ಹತ್ತಿರ ಈಗಾಗಲೇ ಇರುವ ಭಾಷೆಗಳನ್ನು ಲೆಕ್ಕ ಹಾಕಿ

ಕಾಸರಗೋಡನ್ನು ಸಪ್ತ ಭಾಷೆಗಳ ಊರು ಅನ್ನುತ್ತೇವೆ. ಭಾಷಣದಲ್ಲಿ ಹೇಳಿ ಹೇಳಿ ಆ ಮಾತು ಸವೆದಿದೆ. ಪಾಠಕ್ಕೆ ಕೂತಾಗ ಮಾತ್ರ ಅದು ನಿಜವಾದ ಆಸ್ತಿ.

ಈ ಹುಡುಗ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಬದಿಯಡ್ಕದಿಂದ ಕುಂಬಳೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ "ಚೇಟ್ಟಾ, ಕುಂಬಳ ಎತ್ತಿಯೋ?" ಅಂತ ಮಲಯಾಳದಲ್ಲಿ ಕೇಳುತ್ತಾನೆ, ಅಣ್ಣಾ ಕುಂಬಳೆ ಬಂತಾ ಅಂತ. ಟಿವಿ ನೋಡಿ ಹಿಂದಿಯೂ ಅಷ್ಟಿಷ್ಟು ಬರುತ್ತದೆ. ಒಂಬತ್ತು ವರ್ಷದ ಹುಡುಗ ದಿನಕ್ಕೆ ಮೂರು ಭಾಷೆ ಬದಲಿಸಿ ಬದುಕುತ್ತಿದ್ದಾನೆ. ಆದರೂ ಅವನ ಮನಸ್ಸಿನಲ್ಲಿ ತನಗೆ ಭಾಷೆ ಬರುವುದಿಲ್ಲ ಅಂತಲೇ ಇತ್ತು, ಯಾಕೆಂದರೆ ಅಂಕ ಸಿಗುವುದು ಒಂದಕ್ಕೆ ಮಾತ್ರ.

ಒಂದು ಶನಿವಾರ ನಾವಿಬ್ಬರೂ ಒಂದು ಆಟ ಆಡಿದೆವು. ಅವನ ಮನೆ, ತೋಟ, ದಾರಿ, ಅಂಗಡಿಯಲ್ಲಿ ದಿನಾ ಕೇಳುವ ಇಂಗ್ಲಿಷ್ ಪದಗಳನ್ನು ಬರೆಯುವುದು. ಪಂಪು, ಮೋಟರ್, ಪೈಪ್, ಸ್ಪ್ರಿಂಕ್ಲರ್, ಸ್ವಿಚ್, ಕರೆಂಟ್, ಫ್ಯೂಸ್, ಮಿಕ್ಸಿ, ಕುಕ್ಕರ್, ಗ್ಲಾಸ್, ಪ್ಲೇಟ್, ಲೋಡ್, ಜೀಪ್, ಟಯರ್, ಬ್ರೇಕ್, ರೇಶನ್, ಕಾರ್ಡ್, ಬಿಲ್, ಡಾಕ್ಟರ್, ನರ್ಸ್. ಒಂದು ಗಂಟೆಯಲ್ಲಿ 83 ಆಯಿತು. ಪ್ರತಿಯೊಂದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅವನ ಕೈಯಲ್ಲಿ ಕೊಟ್ಟೆ. "ಇದೆಲ್ಲ ಇಂಗ್ಲಿಷಾ?" ಅಂತ ಎರಡೆರಡು ಸಲ ಕೇಳಿದ. ನೀವೂ ಇದನ್ನು ಮಾಡಿ, ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಆಮೇಲೆ ಆ ಪಟ್ಟಿಯೇ ನಿಮ್ಮ ಮೊದಲ ಪಠ್ಯ. 'ದ ಪಂಪ್ ಈಸ್ ನ್ಯೂ', 'ದ ಫ್ಯೂಸ್ ಈಸ್ ಗಾನ್' ಅಂತ ವಾಕ್ಯ ಅಲ್ಲಿಂದಲೇ ಶುರು ಮಾಡಿ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪ್ಯಾಕೆಟ್, ಕರೆಂಟ್ ಬಿಲ್ಲು ಕೂಡ ಓದಿಸಬಹುದು. ನಮ್ಮ ಕಡೆ ಒಂದೇ ಊರಿನ ಹೆಸರು ಬೋರ್ಡಿನಲ್ಲಿ ಮೂರು ಲಿಪಿಯಲ್ಲಿ ಸಿಗುತ್ತದೆ. ಕನ್ನಡದಲ್ಲಿ ಓದಿದ್ದನ್ನು ಇಂಗ್ಲಿಷಿನಲ್ಲಿ ಹುಡುಕು ಅಂದರೆ ಮಕ್ಕಳಿಗೆ ಖುಷಿ.

ಮಗು ಮೊದಲು ತುಳುವಿನಲ್ಲಿ ಯೋಚಿಸಿದರೆ, ಮಾತಾಡಿದರೆ ತಡೆಯಬೇಡಿ. "ಇಂಗ್ಲಿಷಿನಲ್ಲೇ ಹೇಳು" ಅಂತ ಕಟ್ಟಿ ಹಾಕಿದರೆ ಬಾಯಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆಯ ಭಾಷೆ ಕಲಿಸಿ

ಇದು ಸಣ್ಣ ಕೆಲಸ, ಲಾಭ ದೊಡ್ಡದು. ಮಕ್ಕಳ ಇಂಗ್ಲಿಷ್ ಪೇಪರಿನಲ್ಲಿ ಏನು ಮಾಡಬೇಕು ಅಂತ ಹೇಳುವ ಪದಗಳು ಹೆಚ್ಚೆಂದರೆ ಹನ್ನೆರಡೋ ಹದಿನೈದೋ: ರೀಡ್, ಫೈಂಡ್, ಫಿಲ್, ಮ್ಯಾಚ್, ಚೂಸ್, ಟಿಕ್, ಸರ್ಕಲ್, ಅಂಡರ್‌ಲೈನ್, ಕಂಪ್ಲೀಟ್, ರೀಅರೇಂಜ್, ಲಿಸ್ಟ್, ಡಿಸ್ಕ್ರೈಬ್. ಪ್ರತಿ ಪೇಪರಿನಲ್ಲೂ ಇವೇ ತಿರುಗಿ ತಿರುಗಿ ಬರುತ್ತವೆ.

ಇವನ್ನು ಅರ್ಥ ಬರೆಸಿ ಬಾಯಿಪಾಠ ಮಾಡಿಸಬೇಡಿ. ಕೈಯಲ್ಲಿ ಮಾಡಿಸಿ. ನಾನು ಒಂದೊಂದು ಪದವನ್ನು ಹಳೆ ಕ್ಯಾಲೆಂಡರ್ ತುಂಡಿನ ಹಿಂದೆ ಬರೆದೆ. ಚೀಟಿ ಎತ್ತಬೇಕು, ಓದಬೇಕು, ಮಾಡಬೇಕು. 'ಮ್ಯಾಚ್' ಬಂದರೆ ಜಗಲಿಯಲ್ಲಿ ಬಿದ್ದಿರುವ ಚಪ್ಪಲಿಗಳ ಜೋಡಿ ಸೇರಿಸುವುದು. 'ರೀಅರೇಂಜ್' ಬಂದರೆ ಪುಸ್ತಕಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವುದು. 'ಫಿಲ್' ಬಂದರೆ ಚೆಂಬಿಗೆ ನೀರು ತುಂಬಿಸುವುದು. 'ಕಂಪ್ಲೀಟ್' ಪದಕ್ಕೆ ನಾನು ಅರ್ಧ ರಂಗೋಲಿ ಹಾಕಿ ಬಿಟ್ಟೆ, ಉಳಿದ ಅರ್ಧ ಅವನು ಹಾಕಿದ. ಆಮೇಲೆ ಆ ಪದ ಅವನಿಗೆ ಮರೆಯಲಿಲ್ಲ. ಐದಾರು ಸಂಜೆಯಲ್ಲಿ ಎಲ್ಲ ಚೀಟಿ ಮುಗಿಯಿತು. ಪ್ರಶ್ನೆ ಪತ್ರಿಕೆಯಲ್ಲಿ ಈ ಪದ ಕಂಡ ಕೂಡಲೇ ಅದರ ಸುತ್ತ ಪೆನ್ಸಿಲಿನಲ್ಲಿ ಗೋಲ ಹಾಕುವ ಅಭ್ಯಾಸ ಮಾಡಿಸಿ.

ವಾಕ್ಯವನ್ನು ಕೈಯಲ್ಲಿ ಹಿಡಿದು ಜೋಡಿಸಲಿ

'ಐ ಸ್ಕೂಲ್ ಗೋ.' 'ದಿಸ್ ಮೈ ಹೌಸ್.' ಇಂಥ ವಾಕ್ಯ ಕಂಡರೆ ಕೆಂಪು ಗೆರೆ ಎಳೆಯುವ ಮೊದಲು ಒಮ್ಮೆ ನಿಲ್ಲಿ. ಇವು ಅಡ್ಡಾದಿಡ್ಡಿ ತಪ್ಪುಗಳಲ್ಲ. ಮಗು ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. 'ನಾನು ಶಾಲೆಗೆ ಹೋಗುತ್ತೇನೆ' ಅನ್ನುವಾಗ ಹೋಗುವ ಕೆಲಸ ನಮ್ಮಲ್ಲಿ ಕೊನೆಗೆ. 'ಇದು ನನ್ನ ಮನೆ' ಅನ್ನುವಾಗ ಕ್ರಿಯಾಪದವೇ ಬೇಡ. ಈ ಮಾತನ್ನು ಮಗುವಿಗೂ ಹೇಳಿ. "ನೀನು ಕನ್ನಡದ ಪ್ರಕಾರ ಸರಿಯಾಗಿಯೇ ಜೋಡಿಸಿದ್ದೀಯ, ಇಂಗ್ಲಿಷಿನವರು ಬೇರೆ ತರ ಜೋಡಿಸುತ್ತಾರೆ" ಅಂದಾಗ ಈ ಹುಡುಗನ ಬಿಗಿದ ಭುಜ ಕೆಳಗಿಳಿದದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ಚೀಟಿ. ಮೂರು ಚೀಟಿಯಲ್ಲಿ 'ನಾನು', 'ಶಾಲೆಗೆ', 'ಹೋಗುತ್ತೇನೆ' ಅಂತ ಬರೆದು ನೆಲದಲ್ಲಿ ಸಾಲಾಗಿ ಇಡಿ. ಪ್ರತಿ ಚೀಟಿಯ ಹಿಂದೆ ಅದರ ಇಂಗ್ಲಿಷ್. ಈಗ ಕೊನೆಯ ಚೀಟಿಯನ್ನು ಎತ್ತಿ ನಡುವೆ ತರಬೇಕು. 'ಐ', 'ಗೋ', 'ಟು ಸ್ಕೂಲ್'. ಇನ್ನೊಂದು ವಿಷಯ ಕಾಣುತ್ತದೆ. 'ಶಾಲೆಗೆ' ಪದದಲ್ಲಿ ಬಾಲಕ್ಕೆ ಅಂಟಿಕೊಂಡಿದ್ದ 'ಗೆ' ಇಂಗ್ಲಿಷಿನಲ್ಲಿ 'ಟು' ಆಗಿ ತಲೆಗೆ ಬಂದಿದೆ. ಆ 'ಗೆ'ಯನ್ನು ಕತ್ತರಿಯಲ್ಲಿ ಕತ್ತರಿಸಿ ಮುಂದಕ್ಕೆ ಇಡಲು ಕೊಡಿ. 'ಮನೆಯಲ್ಲಿ' ಪದದ 'ಅಲ್ಲಿ' ಮುಂದೆ ಬಂದು 'ಇನ್' ಆಗುತ್ತದೆ, 'ಮರದ ಮೇಲೆ' ಅನ್ನುವಾಗಿನ 'ಮೇಲೆ' ಮುಂದೆ ಬಂದು 'ಆನ್' ಆಗುತ್ತದೆ. ಕತ್ತರಿ ಹಿಡಿದು ಹತ್ತು ವಾಕ್ಯ ಮಾಡಿದ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. 'ಈಸ್', 'ಆರ್', 'ಆಮ್' ಮೂರನ್ನು ಬೇರೆ ಬಣ್ಣದ ಚೀಟಿಯಲ್ಲಿ ಬರೆದಿಡಿ. ಕನ್ನಡದಲ್ಲಿ ಜಾಗ ಇಲ್ಲದ ಕಡೆ ಅವು ಬಂದು ಕೂರುತ್ತವೆ ಅಂತ ಕಣ್ಣಿಗೆ ಕಾಣಬೇಕು.

ಒಂದು ದಿನ ಅವನು ಅಜ್ಜನ ಬಗ್ಗೆ 'ದೇ ಆರ್ ಓಲ್ಡ್' ಅಂತ ಬರೆದಿದ್ದ. 'ಹೀ' ಬರೆಯಬೇಕು ಅಂದೆ. ಒಪ್ಪಲಿಲ್ಲ. "ಅಜ್ಜನಿಗೆ ಅವನು ಅಂದ ಹಾಗೆ ಆಗುವುದಿಲ್ವಾ ಟೀಚರ್?" ಅಂದ. ಎಷ್ಟು ಸರಿಯಾದ ಪ್ರಶ್ನೆ! ಇಂಗ್ಲಿಷಿನಲ್ಲಿ ಅಜ್ಜನಿಗೂ ತಮ್ಮನಿಗೂ ಒಂದೇ 'ಹೀ', ಅಲ್ಲಿ ಅದು ಮರ್ಯಾದೆ ಕಮ್ಮಿ ಅಲ್ಲ ಅಂತ ವಿವರಿಸಿದೆ. ಬರೀ ಗೆರೆ ಎಳೆದು ಬಿಟ್ಟಿದ್ದರೆ ಆ ಗೊಂದಲ ಅವನೊಳಗೇ ಉಳಿಯುತ್ತಿತ್ತು.

'ಎ', 'ಆನ್', 'ದ' ಬಗ್ಗೆ ಈ ಪ್ರಾಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಓದಿದಷ್ಟೂ ಕಿವಿಗೆ ಅಭ್ಯಾಸ ಆಗುತ್ತದೆ.

ಸಂಭಾಷಣೆಗೆ ತಾಳಮದ್ದಳೆಯ ದಾರಿ

ಕೇರಳದ ಪಠ್ಯಪುಸ್ತಕಗಳಲ್ಲಿ ಸಂಭಾಷಣೆ, ಡೈರಿ, ವಿವರಣೆ, ನೋಟಿಸು, ಪೋಸ್ಟರ್ ಇವೆಲ್ಲ ಪದೇ ಪದೇ ಬರುತ್ತವೆ. ಎಲ್‌ಎಸ್‌ಎಸ್ ಪ್ರಶ್ನೆಗಳೂ ಹೆಚ್ಚಾಗಿ ಅದೇ ದಾರಿಯವು. ಗೈಡಿನಲ್ಲಿ ಸಿದ್ಧ ಉತ್ತರ ಇರುತ್ತದೆ, ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಸಂದರ್ಭ ಸ್ವಲ್ಪ ಬದಲಾದರೂ ಕೈಕಾಲು ಬಿಡುತ್ತಾರೆ.

ಕುಂಬಳೆ ಅಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ ಈ ಸೀಮೆಯ ಮಗುವಿಗೆ ಹೊಸತಲ್ಲ. ಅಲ್ಲಿ ಪಾತ್ರಗಳ ಮಾತು ಆಡುವ ಅರ್ಥಧಾರಿಗಳು ಮಾತನ್ನು ಬರೆದುಕೊಂಡು ಬರುವುದಿಲ್ಲ. ಪ್ರಸಂಗ ಗೊತ್ತು, ತಾನು ಯಾರು ಅಂತ ಗೊತ್ತು, ಎದುರಿನವರು ಏನು ಹೇಳಿದರು ಅಂತ ಕೇಳಿ ಅದಕ್ಕೆ ತಕ್ಕ ಮಾತು ಅಲ್ಲೇ ಹುಟ್ಟಬೇಕು. ಸಂಭಾಷಣೆ ಬರೆಯುವುದೂ ಇದೇ ಅಲ್ವಾ?

ಹಾಗಾಗಿ ನಾವು ಎದುರುಬದುರು ಕೂತು ಶುರು ಮಾಡಿದೆವು. ಮೊದಲ ದಿನ ಕನ್ನಡದಲ್ಲೇ: ನಾನು ಅಂಗಡಿಯವಳು, ಅವನು ಗಿರಾಕಿ. ಎರಡನೇ ದಿನ ಅದೇ ಪ್ರಸಂಗ ಇಂಗ್ಲಿಷಿನಲ್ಲಿ, ಬಾರದ ಪದಕ್ಕೆ ತುಳು ಹಾಕಬಹುದು. ಮೂರನೇ ದಿನ ತುಳು ಹಾಕಿದ ಕಡೆಗೆಲ್ಲ ಇಂಗ್ಲಿಷ್ ಪದ ಹುಡುಕಿದೆವು. ನಾಲ್ಕನೇ ದಿನ ಅದನ್ನೇ ಬರೆದೆವು. ಒಂದು ವಾರಕ್ಕೆ ಒಂದೇ ಪ್ರಸಂಗ. ಡಾಕ್ಟರ್ ಮತ್ತು ರೋಗಿ, ಕಾಗೆ ಮತ್ತು ಗುಬ್ಬಿ, ಬಸ್ ತಪ್ಪಿಸಿಕೊಂಡ ಇಬ್ಬರು ಗೆಳೆಯರು. ಮೂರನೇ ವಾರದ ಹೊತ್ತಿಗೆ ಅವನೇ ನನ್ನನ್ನು ಸಿಕ್ಕಿಸಿ ಹಾಕುವ ಪ್ರಶ್ನೆ ಕೇಳುತ್ತಿದ್ದ.

ವಿವರಣೆಗೆ ಅವನ ಮನೆಯ ವಸ್ತುವನ್ನೇ ಕೊಡಿ. ಅವರ ಗುಡ್ಡದಲ್ಲಿ ಒಂದು ಸುರಂಗ ಇದೆ, ನೀರಿಗಾಗಿ ಅಡ್ಡಕ್ಕೆ ಕೊರೆದದ್ದು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದರ ಬಗ್ಗೆ ಐದು ವಾಕ್ಯ ಬರೆ ಅಂದೆ. 'ದಿಸ್ ಈಸ್ ಅವರ್ ಸುರಂಗ. ಕೋಲ್ಡ್ ವಾಟರ್ ಕಮ್ಸ್. ಇನ್‌ಸೈಡ್ ಈಸ್ ಡಾರ್ಕ್. ಬ್ಯಾಟ್ಸ್ ಆರ್ ದೇರ್.' ಐದನೇ ವಾಕ್ಯಕ್ಕೆ ಕೊರೆಯುವುದು ಅನ್ನುವ ಪದ ಬೇಕಿತ್ತು. 'ಡಿಗ್' ಅಂದೆ, ಹಿಂದೆ ಆದದ್ದಕ್ಕೆ 'ಡಗ್' ಅಂದೆ. 'ಮೈ ಅಜ್ಜ ಡಗ್ ಇಟ್' ಅಂತ ಬರೆದು, ಹಾಳೆಯನ್ನು ಅಜ್ಜನಿಗೆ ತೋರಿಸಲು ಓಡಿದ. ಆ ಹಾಳೆಯಲ್ಲಿ ತಪ್ಪುಗಳಿದ್ದವು. ಆವತ್ತು ನಾನು ಒಂದನ್ನೂ ತಿದ್ದಲಿಲ್ಲ.

ಗದ್ಯಭಾಗ ಓದುವಾಗ

ಪ್ರಶ್ನೆಗಳನ್ನು ಮೊದಲು ಓದಲಿ, ಗದ್ಯವನ್ನು ಆಮೇಲೆ. 'ಹೂ' ಅಂದರೆ ಯಾರು, 'ವೇರ್' ಅಂದರೆ ಎಲ್ಲಿ, 'ವೆನ್' ಅಂದರೆ ಯಾವಾಗ, 'ವೈ' ಅಂದರೆ ಯಾಕೆ, 'ಹೌ ಮೆನಿ' ಅಂದರೆ ಎಷ್ಟು. ಇಷ್ಟು ಗಟ್ಟಿಯಾದರೆ ಮಗು ಹುಡುಕುವುದು ಹೆಸರನ್ನೋ, ಊರನ್ನೋ, ಸಂಖ್ಯೆಯನ್ನೋ ಅಂತ ಮೊದಲೇ ತಿಳಿಯುತ್ತದೆ. ಉತ್ತರ ಸಿಕ್ಕಿದ ಸಾಲಿನ ಕೆಳಗೆ ಗೆರೆ ಎಳೆದು, ಬೆರಳಿಟ್ಟು ತೋರಿಸಲಿ. ಗೊತ್ತಿಲ್ಲದ ಪದ ಬಂದರೆ ಹಾರಿ ಮುಂದೆ ಹೋಗಲು ಕಲಿಸಿ. ಎಲ್ಲ ಪದ ಗೊತ್ತಿರಲೇಬೇಕು ಅನ್ನುವ ಹಟ ಮಕ್ಕಳಿಗೆ ನಮ್ಮಿಂದಲೇ ಬಂದದ್ದು.

ಈಗ ಪೇಪರ್ ತೆಗೆಯಿರಿ, ತುಂಡು ತುಂಡಾಗಿ

ಕಪಾಟಿನಿಂದ ಪತ್ರಿಕೆ ತೆಗೆದ ದಿನ ಇಡೀ ಪೇಪರ್ ಕೊಡಬೇಡಿ. ಕತ್ತರಿಸಿ ಒಂದು ಪ್ರಶ್ನೆ ಮಾತ್ರ ಕೊಡಿ. ದಿನಕ್ಕೆ ಒಂದು. ಗಡಿಯಾರ ಬೇಡ. ಒಂದು ವಾರ ಆದ ಮೇಲೆ ಎರಡು ಪ್ರಶ್ನೆ. ಇಡೀ ಇಂಗ್ಲಿಷ್ ಭಾಗವನ್ನು ಒಟ್ಟಿಗೆ ಬರೆಸುವುದು ಪರೀಕ್ಷೆಗೆ ಒಂದು ತಿಂಗಳು ಇರುವಾಗ ಸಾಕು, ಅದೂ ವಾರಕ್ಕೆ ಒಂದೇ ಸಲ. ಗಡಿಯಾರ ಇಡುವುದೂ ಆಗಲೇ.

ಹಾಳೆಯ ಮೇಲೆ ಒಟ್ಟು ಅಂಕ ಬರೆಯಬೇಡಿ. ಬದಲಿಗೆ ತಪ್ಪಾದ ಪ್ರತಿ ಉತ್ತರದ ಪಕ್ಕ ಮಗುವೇ ಒಂದು ಗುರುತು ಹಾಕಲಿ. ಗೊತ್ತಿತ್ತು, ಅವಸರದಲ್ಲಿ ತಪ್ಪಿತು ಅಂತಾದರೆ ಚುಕ್ಕಿ. ಪ್ರಶ್ನೆಯೇ ಅರ್ಥ ಆಗಲಿಲ್ಲ ಅಂತಾದರೆ ಗೋಲ. ವಿಷಯ ಕಲಿತೇ ಇಲ್ಲ ಅಂತಾದರೆ ಅಡ್ಡ ಗೆರೆ. ನಮ್ಮ ಹುಡುಗನ ಮೊದಲ ಹಾಳೆ ತುಂಬ ಗೋಲಗಳೇ ಇದ್ದವು. ಜನವರಿಗೆ ಚುಕ್ಕಿಗಳು ಜಾಸ್ತಿಯಾದವು. ಆ ಬದಲಾವಣೆಯನ್ನು ಅವನಿಗೂ ಅವನ ಅಮ್ಮನಿಗೂ ತೋರಿಸಿದೆ. ಅಂಕ ಅಷ್ಟೇನೂ ಏರಿರಲಿಲ್ಲ, ಆದರೆ ಅವನು ಎಲ್ಲಿದ್ದಾನೆ ಅಂತ ಮೂವರಿಗೂ ಕಂಡಿತು.

ಯುಎಸ್‌ಎಸ್, ನವೋದಯ ಬರೆಯುವವರಿಗೆ ಗೋಲ ತುಂಬಿಸುವುದನ್ನು ಬೇರೆಯೇ ಅಭ್ಯಾಸ ಮಾಡಿಸಬೇಕು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲೂ ಆ ಸಾಲು ಬಿಡಲು ಮಕ್ಕಳು ಮರೆಯುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಒಂದೊಂದು ಮೆಟ್ಟಿಲು ಜಾರುತ್ತದೆ. ಐದು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವ ರೂಢಿ ಬರಲಿ. ನವೋದಯದಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಕಾಗಿಲ್ಲ ಅಂತಲೂ ಹೇಳಿಕೊಡಿ.

ಸಿಟ್ಟು ಬಂದ ದಿನ

ಎಷ್ಟು ಚೆನ್ನಾಗಿ ಮಾಡಿದರೂ ಇಂಥ ದಿನ ಬರುತ್ತದೆ. ಮೊದಲು ಹೊಟ್ಟೆ ನೋಡಿ. ಶಾಲೆಯಿಂದ ಬಂದು ಬ್ಯಾಗ್ ಇಳಿಸಿದ ಕೂಡಲೇ ಪುಸ್ತಕ ಬಿಡಿಸಬೇಡಿ. ಅವಲಕ್ಕಿಯೋ ದೋಸೆಯೋ ತಿಂದು, ಅರ್ಧ ಗಂಟೆ ಅಂಗಳದಲ್ಲಿ ಓಡಾಡಿ ಬರಲಿ. ಪಾಠ ಇಪ್ಪತ್ತೈದು ನಿಮಿಷಕ್ಕಿಂತ ಜಾಸ್ತಿ ಬೇಡ.

"ಇಷ್ಟು ಸುಲಭದ್ದೂ ಬರುವುದಿಲ್ವಾ?" ಅನ್ನುವ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಸುಲಭದ್ದು ಬರಲಿಲ್ಲ ಅಂದರೆ ಮಗು ತಾನು ದಡ್ಡ ಅಂತಲೇ ತಿಳಿಯುತ್ತದೆ. "ಇದು ಕಷ್ಟದ್ದೇ, ಬಾ ಒಟ್ಟಿಗೆ ನೋಡುವ" ಅನ್ನಿ. ಪೆನ್ಸಿಲ್ ನೀವು ಹಿಡಿಯಿರಿ, ಉತ್ತರ ಅದು ಹೇಳಲಿ. ಅಷ್ಟಕ್ಕೂ ಆಗದಿದ್ದರೆ ಆ ಪ್ರಶ್ನೆ ಬಿಡಿ, ಅದಕ್ಕೆ ಚೆನ್ನಾಗಿ ಬರುವ ಯಾವುದಾದರೂ ಒಂದನ್ನು ಮಾಡಿಸಿ ಆ ದಿನದ ಪಾಠ ಮುಗಿಸಿ. ಅತ್ತೆ ಮಗಳಿಗೆ, ಪಕ್ಕದ ಮನೆಯ ಹುಡುಗನಿಗೆ ಎಷ್ಟು ಅಂಕ ಬಂತು ಅನ್ನುವ ಸುದ್ದಿ ಮಗುವಿನ ಕಿವಿಗೆ ಬೀಳದಿರಲಿ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಬರುವ ಅಂಕಪಟ್ಟಿಯನ್ನು ಮಗುವಿನ ಎದುರು ಗಟ್ಟಿಯಾಗಿ ಓದಬೇಡಿ.

ತಿಂಗಳುಗಟ್ಟಲೆ ಪ್ರಯತ್ನಿಸಿದರೂ ಕನ್ನಡವನ್ನೂ ಓದಲು ಕಷ್ಟಪಡುತ್ತಿದೆ, ಅಕ್ಷರ ತಿರುಗಿಸಿ ಬರೆಯುತ್ತಿದೆ, ಬೋರ್ಡ್ ಕಾಣುವುದಿಲ್ಲ ಅನ್ನುತ್ತಿದೆ ಅಂತಾದರೆ ಅದನ್ನು ಸೋಮಾರಿತನ ಅನ್ನಬೇಡಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಶಾಲೆಯ ಮೂಲಕ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಸ್ಪೆಷಲ್ ಎಜುಕೇಟರ್ ಹತ್ತಿರ ತೋರಿಸಿ.

ಕೊನೆಯ ವಾರ

ಹೊಸತು ಏನನ್ನೂ ಕಲಿಸಬೇಡಿ. ಅವನು ಬರೆದ ಹಳೆ ಹಾಳೆಗಳನ್ನೇ ಅವನು ಓದಲಿ. ಪರೀಕ್ಷೆ ಬೇರೆ ಶಾಲೆಯಲ್ಲಿದ್ದರೆ ಒಂದು ದಿನ ಮೊದಲೇ ಕರೆದುಕೊಂಡು ಹೋಗಿ ಬನ್ನಿ. ಗೇಟು, ನೀರಿನ ನಲ್ಲಿ, ಶೌಚಾಲಯ ಎಲ್ಲಿದೆ ಅಂತ ಕಂಡಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ. ಚೂಪು ಮಾಡಿದ ಎರಡು ಪೆನ್ಸಿಲ್, ಎರಡು ಪೆನ್ನು, ಹಾಲ್ ಟಿಕೆಟ್, ನೀರಿನ ಬಾಟಲಿ ರಾತ್ರಿಯೇ ಬ್ಯಾಗಿಗೆ ಸೇರಲಿ. ಯುಎಸ್‌ಎಸ್, ನವೋದಯಕ್ಕೆ ಯಾವ ಪೆನ್ನಿನಲ್ಲಿ ಗೋಲ ತುಂಬಿಸಬೇಕು ಅಂತ ಹಾಲ್ ಟಿಕೆಟಿನಲ್ಲಿ ಓದಿ ನೋಡಿ.

ಪರೀಕ್ಷೆ ಮುಗಿದು ಮಕ್ಕಳು ಹೊರಗೆ ಬರುವಾಗ ಗೇಟಿನಲ್ಲಿ ನಿಂತವರೆಲ್ಲ ಪ್ರಶ್ನೆ ಪತ್ರಿಕೆ ಕಿತ್ತುಕೊಂಡು ಉತ್ತರ ಕೇಳಲು ಶುರು ಮಾಡುತ್ತಾರೆ. ನೀವು ಅದನ್ನು ಮಡಚಿ ಬ್ಯಾಗಿನಲ್ಲಿಡಿ, ಮಾರನೇ ದಿನ ನೋಡಬಹುದು. ಆವತ್ತು ಹುಡುಗನ ಅಮ್ಮ ಹಾಗೇ ಮಾಡಿದರು. ಬಸ್‌ಸ್ಟ್ಯಾಂಡಿಗೆ ನಡೆದು, ಹೋಟೆಲಿನಲ್ಲಿ ಗೋಳಿಬಜೆ ಕೊಡಿಸಿದರು. ಎರಡನೇ ಬಜೆ ತಿನ್ನುವಾಗ ಅವನಾಗಿಯೇ ಹೇಳಿದನಂತೆ: "ಅಮ್ಮಾ, ಕಂಪ್ಲೀಟ್ ಬಂದಿತ್ತು. ಬರೆದೆ."